ಮುಸುರೆ ತಿನ್ನುವ ಮಣ್ಣು

ದನ ಕಟ್ಟಿದ್ದ ಮನೆಗಳಲ್ಲಿ ಹಸಿ ಕಸ ಎಂಬ ಸಮಸ್ಯೆಯೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ದನ ಮೂಸಿ ಬಿಟ್ಟದ್ದು ತಿಪ್ಪೆಗೆ ಹೋಗುತ್ತಿತ್ತು. ತಿಪ್ಪೆಯಲ್ಲಿದ್ದದ್ದು ಮುಂಗಾರಿಗೆ ಮೊದಲು ಗಾಡಿಯೇರಿ ಹೊಲ ಸೇರುತ್ತಿತ್ತು. ಈಗ ಹಳ್ಳಿಗಳಲ್ಲೂ ದನ ಕಡಿಮೆ. ನಗರದ ಮನೆಗಳಿಗಂತೂ ಹಿತ್ತಿಲೇ ಇಲ್ಲ. ನಮ್ಮ ಪಾಲಿಗೆ ಉಳಿದಿರುವುದು ಹಸಿರು ಬಕೆಟ್ಟು, ಬೆಳಗಿನ ಕಸದ ಗಾಡಿ, ಗಾಡಿ ಬರದ ದಿನದ ನಾತ.

ಆ ಬಕೆಟ್ಟಿನಲ್ಲಿ ಇರುವುದಾದರೂ ಎಷ್ಟು? ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದ ಮನೆಗಳಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ 600 ಗ್ರಾಮಿನಷ್ಟಾಯಿತು. ಇದು ಒಂದು ದೊಡ್ಡ ತೊಟ್ಟಿಯ ಮಣ್ಣು ಸಲೀಸಾಗಿ ಅರಗಿಸಿಕೊಳ್ಳುವ ಪ್ರಮಾಣ. ಅದೇ 600 ಗ್ರಾಂ ಪ್ಲಾಸ್ಟಿಕ್ಕಿನ ಜೊತೆ ಕಲಸಿ ಲಾರಿ ಹತ್ತಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ತನ್ನ ಕಸ ಸುರಿದ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಕಂಡಿದೆ. ಅಲ್ಲಿನ ಹಳ್ಳಿಗರನ್ನು ರಸ್ತೆಗಿಳಿಸಿದ್ದು ಹಸಿ ಕಸ ಕೊಳೆತು ಬಸಿದ ಕರೀ ನೀರು, ಅದರ ಗಬ್ಬು, ಅದಕ್ಕೆ ಮುತ್ತುವ ನೊಣ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿಗೆ ‘ಎರಡು ಡಬ್ಬಿ, ಒಂದು ಚೀಲ’ದಲ್ಲಿ ಕಸ ಬೇರ್ಪಡಿಸುವ ಕ್ರಮವನ್ನು ಕಡ್ಡಾಯ ಮಾಡಿತು. ಬೇರ್ಪಡಿಸುವುದು ಅರ್ಧ ಕೆಲಸ. ಉಳಿದರ್ಧವನ್ನು ಮನೆಯಲ್ಲೇ ಮುಗಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಇದಕ್ಕೆ ದುಡ್ಡು ಕೊಟ್ಟು ಸೂಕ್ಷ್ಮಜೀವಿಗಳನ್ನು ಕೊಳ್ಳಬೇಕಾಗಿಲ್ಲ. ನರ್ಸರಿಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ‘ಕಲ್ಚರ್’ ಎಂಬ ಹೆಸರಿನ ಪೊಟ್ಟಣಗಳು, ಬಾಟಲಿಗಳು ಸಿಗುತ್ತವೆ. ಹಾಕಿದರೆ ತಪ್ಪಿಲ್ಲ, ಹಾಕದಿದ್ದರೆ ನಷ್ಟವೂ ಇಲ್ಲ. ಫಲವತ್ತಾದ ತೋಟದ ಮಣ್ಣಿನ ಒಂದೇ ಒಂದು ಗ್ರಾಮಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಹುದು. ಶಿಲೀಂಧ್ರಗಳ ಎಳೆ ಬೇರೆ. ಮಾವಿನ ಮರದ ಬುಡದಿಂದಲೋ ಹಳೆಯ ಹೂಕುಂಡದಿಂದಲೋ ತಂದ ಒಂದು ಬೊಗಸೆ ಮಣ್ಣು ಸಾಕು. ಹುಳಿ ಮಜ್ಜಿಗೆ, ಬೆಲ್ಲದ ನೀರು ಚಿಮುಕಿಸುವ ರೂಢಿಯೂ ಇದೆ. ಬೆಲ್ಲ ಸೂಕ್ಷ್ಮಜೀವಿಗಳಿಗೆ ತಕ್ಷಣದ ಆಹಾರ, ಅಷ್ಟೇ. ಅವುಗಳಿಗೆ ಬೇಕಾದ ಗಾಳಿ, ತೇವ, ಊಟದ ಹದ ತಪ್ಪಿದರೆ ಪೊಟ್ಟಣವೂ ಕೆಲಸಕ್ಕೆ ಬರುವುದಿಲ್ಲ, ಬೆಲ್ಲವೂ ಬರುವುದಿಲ್ಲ.

ಮಣ್ಣಿನೊಳಗೆ ಏನು ನಡೆಯುತ್ತದೆಂದು ನೋಡುವ ಆಸೆಯಿದ್ದರೆ ಹಳೇ ಹಾರ್ಲಿಕ್ಸ್ ಬಾಟಲಿಯೊಂದನ್ನು ತೆಗೆದುಕೊಳ್ಳಿ. ಅರ್ಧ ಹಸಿ ಮಣ್ಣು ತುಂಬಿ, ಗಾಜಿಗೆ ತಾಗುವಂತೆ ಒಂದು ಚಮಚ ಅನ್ನ, ಒಂದು ಕೊತ್ತಂಬರಿ ದಂಟು, ಒಂದು ಈರುಳ್ಳಿ ಸಿಪ್ಪೆ ಇಟ್ಟು ಮೇಲೆ ಇನ್ನಷ್ಟು ಮಣ್ಣು ಹಾಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ಎರಡನೆಯ ದಿನಕ್ಕೆ ಅನ್ನದ ಅಗುಳಿನ ಅಂಚು ಲೋಳೆಯಾಗುತ್ತದೆ. ಮೂರು ನಾಲ್ಕು ದಿನಕ್ಕೆ ಹತ್ತಿ ಹಿಂಜಿದಂತೆ ಬಿಳಿ ಎಳೆಗಳು ಮಣ್ಣಿನ ಸಂದಿಯಿಂದ ಹೊರಟು ಅಗುಳನ್ನು ತಬ್ಬುತ್ತವೆ. ವಾರ ಕಳೆಯುವಷ್ಟರಲ್ಲಿ ಕೊತ್ತಂಬರಿ ದಂಟು ಎಲ್ಲಿತ್ತೆಂದು ಹುಡುಕಬೇಕು. ಅಗುಳು ಕುಗ್ಗಿ, ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಅದರ ಜಾಗದಲ್ಲಿ ಬರೀ ಒಂದು ಟೊಳ್ಳು ಉಳಿಯುತ್ತದೆ. ಈರುಳ್ಳಿ ಸಿಪ್ಪೆ ಮಾತ್ರ ತಿಂಗಳಾದರೂ ಜಗ್ಗುವುದಿಲ್ಲ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ತೋರಿಸಬಹುದಾದ ಇಷ್ಟು ಅಗ್ಗದ ಪ್ರಯೋಗ ಮತ್ತೊಂದಿಲ್ಲ.

ಕಣ್ಣಿಗೆ ಕಾಣದ ಭಾಗ ಇನ್ನೂ ಸ್ವಾರಸ್ಯದ್ದು. ಬ್ಯಾಕ್ಟೀರಿಯಾಕ್ಕಾಗಲಿ ಶಿಲೀಂಧ್ರಕ್ಕಾಗಲಿ ಬಾಯಿಲ್ಲ, ಹೊಟ್ಟೆಯಿಲ್ಲ. ಅವು ಕಿಣ್ವಗಳನ್ನು ಹೊರಗೆ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿ, ಕರಗಿದ್ದನ್ನು ಮೈಯಿಂದಲೇ ಹೀರುತ್ತವೆ. ಅನ್ನದ ಪಿಷ್ಟಕ್ಕೆ ಅಮೈಲೇಸ್, ಬೇಳೆಯ ಪ್ರೋಟೀನಿಗೆ ಪ್ರೋಟಿಯೇಸ್, ಒಗ್ಗರಣೆಯ ಎಣ್ಣೆಗೆ ಲೈಪೇಸ್, ಸೊಪ್ಪಿನ ನಾರಿಗೆ ಸೆಲ್ಯುಲೇಸ್. ಮೊದಲ ಎರಡು ಮೂರು ದಿನ ಸಕ್ಕರೆ, ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳ ಕಾರುಬಾರು. ಸುಲಭದ್ದು ಮುಗಿದ ಮೇಲೆ ನಾರನ್ನು ಬಿಡಿಸುವ ಶಿಲೀಂಧ್ರಗಳ ಸರದಿ. ಕೊನೆಗೆ ಆಕ್ಟಿನೊಮೈಸೀಟ್‌ಗಳು ಬರುತ್ತವೆ. ನೋಡಲು ಶಿಲೀಂಧ್ರದ ಎಳೆಯಂತೆ ಇದ್ದರೂ ಇವು ಬ್ಯಾಕ್ಟೀರಿಯಾಗಳೇ. ಮೊದಲ ಮಳೆಗೆ ಏಳುವ ಮಣ್ಣಿನ ಕಂಪು ಇವು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು. ತೊಟ್ಟಿಯ ಮಣ್ಣಿನಿಂದ ಆ ವಾಸನೆ ಬಂದರೆ ಕೆಲಸ ಕೊನೆಯ ಹಂತದಲ್ಲಿದೆ ಎಂದರ್ಥ. ಇದೇ ಕುಲದ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಎಂಬುದರಿಂದ 1943ರಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಸಿಕ್ಕಿತು.

ಈ ಜೀವಿಗಳೆಲ್ಲ ಉಸಿರಾಡುತ್ತವೆ. ಗಾಳಿ ಸಿಕ್ಕರೆ ಅವು ಬಿಡುವುದು ಇಂಗಾಲದ ಡೈಆಕ್ಸೈಡು, ನೀರಾವಿ, ಸ್ವಲ್ಪ ಬಿಸಿ. ಇವ್ಯಾವುದಕ್ಕೂ ನಾತವಿಲ್ಲ. ಗಾಳಿ ತಪ್ಪಿದರೆ ಗಾಳಿಯಿಲ್ಲದೆ ಬದುಕುವ ಬೇರೆ ಗುಂಪು ಕೆಲಸಕ್ಕಿಳಿಯುತ್ತದೆ. ಆಗ ಹುಳಿ ವಾಸನೆಯ ಆಮ್ಲಗಳು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡು, ಮೀಥೇನು ಹೊರಡುತ್ತವೆ. ಕಸದ ಗುಡ್ಡದಿಂದ ಏಳುವ ಮೀಥೇನು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಒಟ್ಟಿನಲ್ಲಿ ‘ಕಾಂಪೋಸ್ಟ್ ಮಾಡಿದರೆ ಮನೆ ನಾರುತ್ತದೆ’ ಎನ್ನುವವರ ತೊಟ್ಟಿಯಲ್ಲಿ ಕಸ ಹೆಚ್ಚಾಗಿರುವುದಿಲ್ಲ, ಗಾಳಿ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಾಗುವುದು ನೀರು ಹೆಚ್ಚಾದಾಗ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ನೀರೇ. ಅದು ಬಸಿದು ಕೆಳಗೆ ನಿಂತು ಮಣ್ಣಿನ ಸಂದುಗಳನ್ನು ತುಂಬಿಬಿಟ್ಟರೆ ಕಥೆ ಮುಗಿಯಿತು.

ಇನ್ನು ಊಟದ ಹದ. ಸೂಕ್ಷ್ಮಜೀವಿಯ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ಎಂಟು ಪಾಲು ಇಂಗಾಲ ಇರುತ್ತದೆ. ಮೈ ಕಟ್ಟಿಕೊಳ್ಳಲು ಅಷ್ಟು, ಉಸಿರಿಗೆ ಸುಡಲು ಅದರ ಎರಡರಷ್ಟು. ಅಂದರೆ ಒಂದಕ್ಕೆ ಇಪ್ಪತ್ತನಾಲ್ಕು. ಕಾಂಪೋಸ್ಟಿನ ಪುಸ್ತಕಗಳಲ್ಲೆಲ್ಲ ಕಾಣುವ ‘25ರಿಂದ 30ಕ್ಕೆ ಒಂದು’ ಎಂಬ ಸೂತ್ರದ ಮೂಲ ಇಷ್ಟೇ. ಅಡುಗೆಮನೆಯ ಹಸಿ ಕಸದಲ್ಲಿ ಈ ಪ್ರಮಾಣ 15–20ರ ಸುಮಾರು, ಅಂದರೆ ಸಾರಜನಕ ಜಾಸ್ತಿ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಘಾಟು ಹೊಡೆಯುತ್ತದೆ. ತರಗೆಲೆಯಲ್ಲಿ ಇದೇ ಪ್ರಮಾಣ 50–60, ತೆಂಗಿನ ನಾರಿನ ಪುಡಿಯಲ್ಲಿ ನೂರರ ಸುಮಾರು, ಮರದ ಹೊಟ್ಟಿನಲ್ಲಿ ಮುನ್ನೂರಕ್ಕೂ ಮೇಲೆ. ಹಸಿಗೆ ಒಣಗಿದ್ದನ್ನು ಬೆರೆಸಿ ಎಂದು ಹೇಳುವುದು ಇದಕ್ಕೆ. ಒಣಗಿದ್ದು ತೇವವನ್ನೂ ಹೀರುತ್ತದೆ, ಗಾಳಿಗೆ ಸಂದನ್ನೂ ಬಿಡುತ್ತದೆ.

ಈ ಅನುಪಾತದ ಹೆಸರು ಕೇಳದೆಯೇ ಮಲೆನಾಡಿನ ಅಡಿಕೆ ಬೆಳೆಗಾರರು ತಲೆಮಾರುಗಳಿಂದ ಇದನ್ನು ಮಾಡಿಕೊಂಡು ಬಂದಿದ್ದಾರೆ. ಉತ್ತರ ಕನ್ನಡದಲ್ಲಿ ತೋಟಕ್ಕೆ ಸೊಪ್ಪು ತರಲೆಂದೇ ‘ಸೊಪ್ಪಿನ ಬೆಟ್ಟ’ಗಳಿವೆ. ಬೇಸಿಗೆಯಲ್ಲಿ ದರಕು, ಅಂದರೆ ತರಗೆಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಮಳೆಗಾಲದಲ್ಲಿ ಹಸಿ ಸೊಪ್ಪು. ಗಂಜಲ ಸೋರಿಹೋಗದೆ ಎಲೆಗೆ ಸೇರುತ್ತದೆ, ಸಗಣಿ ಎಲೆಯೊಳಗೆ ಬೆರೆಯುತ್ತದೆ, ಕೊಟ್ಟಿಗೆ ನಾರುವುದಿಲ್ಲ. ಆ ಮಿಶ್ರಣ ಗೊಬ್ಬರದ ಗುಂಡಿಗೆ ಹೋಗಿ ವರ್ಷದೊಳಗೆ ತೋಟಕ್ಕೆ ಸಿದ್ಧ. ನಗರದ ತೊಟ್ಟಿಯಲ್ಲಿ ಸಗಣಿಯ ಜಾಗಕ್ಕೆ ಅಡುಗೆಮನೆಯ ಕಸ ಬಂದಿದೆ, ದರಕಿನ ಅಗತ್ಯ ಹಾಗೆಯೇ ಇದೆ.

ವಿಜ್ಞಾನಿಗಳು ಇದನ್ನು ಲೆಕ್ಕಕ್ಕೆ ತಂದದ್ದು ಕಳೆದ ಶತಮಾನದಲ್ಲಿ. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ 1924ರಿಂದ 1931ರವರೆಗೆ ಪ್ರಯೋಗ ನಡೆಸಿ, ಗುಂಡಿಯ ಕಸವನ್ನು ಆಗಾಗ ಮಗುಚುವ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದರು. ನಮ್ಮ ಹೆಮ್ಮೆಯ ‘ಬೆಂಗಳೂರು ಪದ್ಧತಿ’ಯೂ ಒಂದಿದೆ, ಬೆಂಗಳೂರಿಗರಿಗೇ ಅದು ಹೆಚ್ಚು ಗೊತ್ತಿಲ್ಲ. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯ ಅದನ್ನು ಸಿದ್ಧಪಡಿಸಿದರು. ಊರಿನ ಕಸ ಮತ್ತು ಮಲವನ್ನು ಸುಮಾರು ಒಂದು ಮೀಟರ್ ಆಳದ ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಬಿಡುವುದು. ಮಗುಚುವ ಕೂಲಿಯಿಲ್ಲ. ಆರೆಂಟು ತಿಂಗಳಿಗೆ ಗೊಬ್ಬರ. ನಿಧಾನವಾದರೂ ಸಾರಜನಕ ಹೆಚ್ಚು ಉಳಿಯುತ್ತದೆ. ಪುರಸಭೆಗಳಿಗೆಂದು ಮಾಡಿದ ಈ ವಿಧಾನದ ಜೀವಾಳ ಮೇಲಿನ ಮಣ್ಣಿನ ಹೊದಿಕೆ.

ಮಣ್ಣು ನಾತವನ್ನು ನುಂಗುತ್ತದೆ ಎಂಬುದು ಬೆಕ್ಕಿಗೂ ಗೊತ್ತು. ಜೇಡಿಯ ಕಣಗಳು, ಕೊಳೆತ ಎಲೆಯ ಕಪ್ಪು ಪುಡಿ ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತವೆ. ತಪ್ಪಿಸಿಕೊಂಡು ಮೇಲೇರುವ ಗಬ್ಬು ಅನಿಲಗಳನ್ನು ಮೇಲುಪದರದ ಬ್ಯಾಕ್ಟೀರಿಯಾಗಳು ದಾರಿಯಲ್ಲೇ ತಿಂದುಹಾಕುತ್ತವೆ. ಇದನ್ನೇ ನೆಚ್ಚಿಕೊಂಡು ಇಂಗ್ಲೆಂಡಿನ ಹೆನ್ರಿ ಮೌಲ್ ಎಂಬ ಪಾದ್ರಿ 1860ರಲ್ಲಿ ನೀರಿಲ್ಲದ, ಒಣ ಮಣ್ಣು ಸುರಿಯುವ ಕಕ್ಕಸಿಗೆ ಪೇಟೆಂಟು ಪಡೆದಿದ್ದರು. ನಮ್ಮ ಕಾಲದಲ್ಲಿ ಜಪಾನಿನ ಕನಗಾವಾ ಪ್ರಾಂತ್ಯದ ಹಯಾಮಾ ಎಂಬ ಪಟ್ಟಣದಲ್ಲಿ ಹುಟ್ಟಿದ ‘ಕಿಯೆರೋ’ ಎಂಬ ಪೆಟ್ಟಿಗೆಯೂ ಇದೇ ತತ್ವದ್ದು. ಮರದ ಪೆಟ್ಟಿಗೆ, ತುಂಬ ಕರೀ ಮಣ್ಣು, ಬಿಸಿಲು ಒಳಗೆ ಬರುವಂತೆ ಇಳಿಜಾರಾದ ಪಾರದರ್ಶಕ ಮುಚ್ಚಳ. ದಿನದ ಕಸವನ್ನು ಮಣ್ಣಿನಲ್ಲಿ ಹೂತು ಕಲಸಿ ಮುಚ್ಚುತ್ತಾರೆ. ಅಲ್ಲಿನ ಕೆಲವು ಪುರಸಭೆಗಳು ಇದಕ್ಕೆ ಸಹಾಯಧನ ಕೊಡುತ್ತವೆ. ನಮ್ಮ ಹವೆಯಲ್ಲಿ ಇದು ಇನ್ನೂ ಸಲೀಸು, ಏಕೆಂದರೆ ನಮಗೆ ಮಣ್ಣು ತಣ್ಣಗೆ ಮರಗಟ್ಟುವ ಚಳಿಗಾಲವೇ ಇಲ್ಲ.

ತೊಟ್ಟಿ ಮಾಡುವ ಬಗೆ ಹೇಳುತ್ತೇನೆ. ಎರಡಡಿ ಅಗಲ, ಮೂರಡಿ ಉದ್ದ, ಒಂದೂವರೆ ಅಡಿ ಆಳದ ಯಾವುದಾದರೂ ಆದೀತು: ಹಳೆಯ ಸಿಮೆಂಟು ತೊಟ್ಟಿ, ಒಡೆದ ನೀರಿನ ಟ್ಯಾಂಕಿನ ಕೆಳಭಾಗ, ಹಲಗೆ ಹೊಡೆದ ಪೆಟ್ಟಿಗೆ. ತಳದಲ್ಲಿ ಬೆರಳು ತೂರುವಷ್ಟು ದೊಡ್ಡ ನಾಲ್ಕಾರು ತೂತಿರಬೇಕು; ತೂತಿನ ಮೇಲೆ ತೆಂಗಿನ ಸಿಪ್ಪೆ ಮಗುಚಿ ಹಾಕಿದರೆ ಮಣ್ಣು ಸೋರುವುದಿಲ್ಲ. ಹಿತ್ತಿಲಿದ್ದವರಿಗೆ ತಳವೇ ಬೇಡ, ನೆಲದ ಮೇಲೆ ಇಟ್ಟಿಗೆ ಕಟ್ಟು ಕಟ್ಟಿದರಾಯಿತು. ಬಾಲ್ಕನಿಯವರು ತೂಕದ ಕಡೆ ಗಮನ ಕೊಡಿ. ನೂರು ಲೀಟರ್ ಹಸಿ ಮಣ್ಣು ನೂರೈವತ್ತು ಕಿಲೋ ತೂಗುತ್ತದೆ. ಅಂಥಲ್ಲಿ ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್ಟುಗಳನ್ನು ನಾಲ್ಕು ಕಡೆ ಹಂಚಿಡುವುದು ಮೇಲು.

ಮಣ್ಣು ಸಡಿಲವಾಗಿರಬೇಕು. ಬೆಂಗಳೂರು, ಕೋಲಾರದ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆಯಾಗುತ್ತದೆ. ಅದಕ್ಕೆ ಮೂರರಲ್ಲೊಂದು ಪಾಲು ಹಳೆಯ ಗೊಬ್ಬರವನ್ನೋ ತೆಂಗಿನ ನಾರಿನ ಪುಡಿಯನ್ನೋ ಬೆರೆಸಿ. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣು ನೀರು ಕುಡಿದರೆ ಅಂಟಾಗಿ ಗಾಳಿ ಕಟ್ಟಿಬಿಡುತ್ತದೆ. ಅಲ್ಲಿ ಮರಳು, ನಾರಿನ ಪುಡಿ ಎರಡೂ ಬೇಕು. ಕರಾವಳಿಯವರಿಗೆ ಮಣ್ಣಿಗಿಂತ ಮಳೆಯದೇ ಚಿಂತೆ. ತೊಟ್ಟಿಯ ಮೇಲೆ ಇಳಿಜಾರಾಗಿ ಪಾರದರ್ಶಕ ಶೀಟು ಕಟ್ಟಿ, ಶೀಟಿಗೂ ತೊಟ್ಟಿಯ ಅಂಚಿಗೂ ನಾಲ್ಕು ಬೆರಳು ಸಂದು ಬಿಡಿ. ಆ ಸಂದಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದರೆ ಹೆಗ್ಗಣ, ಬೆಕ್ಕು ಒಳಗೆ ಬರುವುದಿಲ್ಲ.

ತೊಟ್ಟಿಯನ್ನು ಮನಸ್ಸಿನಲ್ಲೇ ಎಂಟು ಚೌಕಗಳಾಗಿ ಭಾಗಿಸಿಕೊಳ್ಳಿ. ಇವತ್ತಿನ ಕಸಕ್ಕೆ ಮೊದಲನೆಯ ಚೌಕ. ಕೈಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಗುಂಡಿ ತೋಡಿ, ಕಸ ಹಾಕಿ, ತೋಡಿದ ಮಣ್ಣಿನಲ್ಲಿ ಅರ್ಧವನ್ನು ಅದರ ಮೇಲೆ ಎಳೆದು, ಚಿತ್ರಾನ್ನ ಕಲಸುವ ಹಾಗೆ ಚೆನ್ನಾಗಿ ಕಲಸಿ. ಪ್ರತಿಯೊಂದು ಸಿಪ್ಪೆಗೂ ಮಣ್ಣು ಮೆತ್ತಬೇಕು. ಈ ಕಲಸುವ ಕೆಲಸವನ್ನು ತಪ್ಪಿಸಿ ಬರೀ ಹೂತುಬಿಡುವವರೇ ಹೆಚ್ಚು. ಹೂತ ಅನ್ನದ ಮುದ್ದೆ ಒಳಗೆ ಗಾಳಿಯಿಲ್ಲದೆ ಹುಳಿಯುತ್ತದೆ. ಕಲಸಿದ ಮೇಲೆ ಒಂದು ಹಿಡಿ ತರಗೆಲೆ ಪುಡಿ, ಅದರ ಮೇಲೆ ಮೂರು ಬೆರಳು ದಪ್ಪಕ್ಕೆ ಒಣ ಮಣ್ಣು. ಮೇಲ್ಪದರ ಒಣಗಿಯೇ ಇರಬೇಕು. ನೊಣ ಮೊಟ್ಟೆಯಿಡಲು ಹಸಿಯನ್ನು ಹುಡುಕುತ್ತದೆ. ಒಣ ಮಣ್ಣಿನ ಕೆಳಗಿನ ಹಸಿ ಅದಕ್ಕೆ ಸಿಗುವುದಿಲ್ಲ. ನಾಳೆಯ ಕಸ ಎರಡನೆಯ ಚೌಕಕ್ಕೆ. ಎಂಟೂ ಮುಗಿದು ಮೊದಲನೆಯದಕ್ಕೆ ಮರಳಿ ಬರುವ ಹೊತ್ತಿಗೆ ಬೇಸಿಗೆಯಲ್ಲಿ ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮಳೆಗಾಲದಲ್ಲಿ, ಮಾಗಿಯ ಚಳಿಯಲ್ಲಿ ಎರಡು ಮೂರು ವಾರ ಹಿಡಿಯುತ್ತದೆ. ಆಗ ಎರಡನೆಯ ತೊಟ್ಟಿಯೊಂದಿದ್ದರೆ ಅನುಕೂಲ.

ತೇವ ನೋಡಲು ಯಂತ್ರ ಬೇಡ. ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ, ಬೆರಳಿನಲ್ಲಿ ಮುಟ್ಟಿದರೆ ಒಡೆಯುವಂತಿದ್ದರೆ ಸರಿ. ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು, ಉಂಡೆಯೇ ಆಗದಿದ್ದರೆ ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ಅಕ್ಕಿ ತೊಳೆದ ನೀರನ್ನೇ ಚಿಮುಕಿಸಬಹುದು.

ಏನು ಹಾಕಬಹುದು ಎಂದು ಕೇಳಿದರೆ, ಬೇಯಿಸಿದ್ದೂ ಹಾಕಬಹುದು. ತೆರೆದ ಕಾಂಪೋಸ್ಟ್ ಮಡಕೆಗಳಿಗೆ ಅನ್ನ, ಸಾರು, ಎಣ್ಣೆ ಬೇಡವೆನ್ನುತ್ತಾರೆ. ಮಣ್ಣಿನ ತೊಟ್ಟಿಗೆ ಆ ಮಡಿ ಇಲ್ಲ. ಹಳಸಿದ ಸಾಂಬಾರಿನ ತರಕಾರಿ, ಮುದ್ದೆಯ ಚೂರು, ಪಲ್ಯ, ಚಪಾತಿ, ಕಾಫಿ ಗಸಿ, ಟೀ ಸೊಪ್ಪು ಎಲ್ಲವೂ ಹೋಗುತ್ತವೆ. ಎಣ್ಣೆ ಚಮಚದ ಲೆಕ್ಕದಲ್ಲಿ ಹೋಗಬಹುದು, ಬಾಣಲೆ ಬಗ್ಗಿಸುವಂತಿಲ್ಲ. ಮೀನು, ಕೋಳಿಯ ಉಳಿಕೆಯನ್ನೂ ಮಣ್ಣು ಕರಗಿಸುತ್ತದೆ. ಆಳದಲ್ಲಿ ಹೂಳಬೇಕು, ಜಾಲರಿ ಗಟ್ಟಿಯಿರಬೇಕು, ಮೂಳೆ ಹಾಗೇ ಉಳಿಯುತ್ತದೆ. ಮೊಟ್ಟೆ ಚಿಪ್ಪು ಕೊಳೆಯುವುದಿಲ್ಲ, ಅದು ಸುಣ್ಣದಕಲ್ಲಿನ ವಸ್ತು. ಪುಡಿ ಮಾಡಿ ಹಾಕಿದರೆ ಗಿಡಕ್ಕೆ ಕ್ಯಾಲ್ಸಿಯಂ. ತೆಂಗಿನ ಚಿಪ್ಪು, ಮಾವಿನ ವಾಟೆಗೆ ವರ್ಷಗಟ್ಟಲೆ ಬೇಕು. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಎಣ್ಣೆಯಂಶ ಇದೆ, ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕಿ. ದೇವರ ಹೂವಿನ ದಾರ ಬಿಡಿಸಿ, ಸೇಬಿನ ಮೇಲಿನ ಸ್ಟಿಕ್ಕರು ಕಿತ್ತು ಹಾಕಿ.

ಎಚ್ಚರ ಬೇಕಾದದ್ದು ಉಪ್ಪಿನ ವಿಷಯದಲ್ಲಿ. ಮೇಲೆ ಹೇಳಿದ ಯಾವ ಕಿಣ್ವವೂ ಉಪ್ಪನ್ನು ಕರಗಿಸಿ ಇಲ್ಲವಾಗಿಸದು. ಅದು ಮಣ್ಣಿನಲ್ಲೇ ಕೂರುತ್ತಾ ಹೋಗುತ್ತದೆ, ಮುಂದೆ ಗಿಡದ ಬೇರನ್ನು ಸುಡುತ್ತದೆ. ಉಪ್ಪಿನಕಾಯಿಯ ಮಾವಿನ ಹೋಳನ್ನು, ಉಪ್ಪು ಹೆಚ್ಚಾಗಿ ಚೆಲ್ಲುವ ಸಾರಿನ ತರಕಾರಿಯನ್ನು ನೀರಿನಲ್ಲಿ ಒಮ್ಮೆ ಜಾಲಿಸಿ, ಬಸಿದು ಹಾಕಬೇಕು. ಕಾಂಪೋಸ್ಟಿನ ಬಗ್ಗೆ ಬರೆಯುವವರು ನಿಂಬೆ ಸಿಪ್ಪೆಗೆ ಪುಟಗಟ್ಟಲೆ ಮೀಸಲಿಟ್ಟು ಉಪ್ಪನ್ನು ಮರೆಯುವುದು ನನಗೆ ಅರ್ಥವಾಗದ ಸಂಗತಿ.

ಬೆಂಗಳೂರು, ಮಂಡ್ಯ, ಹಾಸನದ ಮನೆಗಳ ತೊಟ್ಟಿಗೆ ನಿಜವಾದ ಪರೀಕ್ಷೆ ಅವರೆಕಾಯಿ ಕಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಮೂರು ಕಿಲೋ ಸೊಗಡಿನ ಅವರೆಕಾಯಿ ಬಿಡಿಸಿದರೆ ಅರ್ಧ ಚೀಲ ಸಿಪ್ಪೆ. ಹಿತಕಿದ ಬೇಳೆ ಮಾಡಿದರೆ ಅದರ ಮೇಲೆ ಒಂದು ಬೋಗುಣಿ ತೊಗಲು. ಇಷ್ಟನ್ನೂ ಒಂದೇ ದಿನ ತೊಟ್ಟಿಗೆ ಸುರಿದರೆ ಒಳಗೆ ಬಿಸಿ ಏಳುತ್ತದೆ, ಘಾಟು ಹೊಡೆಯುತ್ತದೆ. ಕಾಯಿಯ ಸಿಪ್ಪೆಯನ್ನು ತಾರಸಿಯಲ್ಲಿ ಎರಡು ದಿನ ಹರಡಿ ಬಾಡಿಸಿ, ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಮೇಲೆ ವಾರವಿಡೀ ಹಂಚಿ ಹಾಕಬಹುದು. ಗಣೇಶನ ಹಬ್ಬದ ಬಾಳೆಕಂದು, ಮಾವಿನ ತೋರಣ, ಮದುವೆ ಮನೆಯ ಬಾಳೆ ಎಲೆಗೂ ಇದೇ ಉಪಾಯ. ಬಾಳೆಕಂದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸದೆ ಹಾಕಲೇಬೇಡಿ; ಅದು ನೀರಿನ ಚೀಲ.

ತೊಟ್ಟಿ ಹದ ತಪ್ಪಿದಾಗ ಮೂಗೇ ಹೇಳುತ್ತದೆ. ಹುಳಿ ವಾಸನೆ ಬಂದರೆ ಅನ್ನವೋ ಹಣ್ಣೋ ಮುದ್ದೆಗಟ್ಟಿ ಕೂತಿದೆ, ಒಡೆದು ಕಲಸಿ. ಕೊಳೆತ ಮೊಟ್ಟೆಯ ವಾಸನೆಗೆ ನೀರು ನಿಂತಿರುವುದು ಕಾರಣ. ತಳದ ತೂತು ಕಟ್ಟಿದೆಯೋ ನೋಡಿ, ಆ ಭಾಗವನ್ನು ಅಗೆದು ಒಂದು ದಿನ ಆರಲು ಬಿಡಿ. ಮೂಗು ಸುಡುವ ಘಾಟಿಗೆ ತರಗೆಲೆ. ಇರುವೆ ಸಾಲು ಕಂಡರೆ ಮಣ್ಣು ಒಣಗಿದೆ, ನೀರು ಚಿಮುಕಿಸಿದರೆ ಜಾಗ ಖಾಲಿ ಮಾಡುತ್ತವೆ. ಹಣ್ಣಿನ ಮೇಲೆ ಹಾರುವ ನೊರಜುಗಳಿಗೆ ಮೇಲಿನ ಒಣ ಮಣ್ಣನ್ನು ಇನ್ನೆರಡು ಬೆರಳು ಏರಿಸಿ. ವಾರ ಹತ್ತು ದಿನದಲ್ಲಿ ಅವುಗಳ ಒಂದು ತಲೆಮಾರು ಮುಗಿಯುತ್ತದೆ, ಮುಂದಿನದಕ್ಕೆ ಜಾಗ ಸಿಗುವುದಿಲ್ಲ.

ಹುಳ ಕಂಡೊಡನೆ ಕಿರುಚಿ ತೊಟ್ಟಿ ಬಿಸಾಡಿದವರಿದ್ದಾರೆ. ಕಂದು ಬಣ್ಣದ, ಚಪ್ಪಟೆಯಾಗಿ ಗಟ್ಟಿ ಮೈಯಿರುವ ಹುಳವಾದರೆ ಅದು ಕಪ್ಪು ಸೈನಿಕ ನೊಣದ ಮರಿ. ಇದು ಕಚ್ಚುವುದಿಲ್ಲ, ರೋಗ ತರುವುದಿಲ್ಲ. ದೊಡ್ಡದಾದ ಮೇಲೆ ಈ ನೊಣ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲವಾದ್ದರಿಂದ ಅಡುಗೆಮನೆಗೂ ಬರುವುದಿಲ್ಲ. ಸೂಕ್ಷ್ಮಜೀವಿಗಳು ವಾರ ತೆಗೆದುಕೊಳ್ಳುವುದನ್ನು ಇದರ ಮರಿ ಎರಡು ದಿನದಲ್ಲಿ ಮುಗಿಸುತ್ತದೆ. ನೋಡಲು ಇಷ್ಟವಿಲ್ಲವೇ, ಮಣ್ಣು ಮುಚ್ಚಿ. ಎರೆಹುಳ ತಂದು ಬಿಡಬೇಕೇ ಎಂದು ಕೇಳುವವರೂ ಇದ್ದಾರೆ, ಬೇಡ. ನೆಲಕ್ಕೆ ತಾಗಿದ ತೊಟ್ಟಿಗೆ ಅವೇ ಬರುತ್ತವೆ.

ಧೂಳೆದ್ದ ಒಣ ಗೊಬ್ಬರ ಕೆದಕುವಾಗ ಆಸ್ತಮಾ ಇರುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬೂಷ್ಟಿನ ಬೀಜಕಣಗಳು ಅವರಿಗೆ ಆಗುವುದಿಲ್ಲ. ಗಾಯವಿದ್ದ ಕೈಗೆ ಗ್ಲೌಸು ಹಾಕಿ.

ದೊಡ್ಡ ಗೊಬ್ಬರದ ರಾಶಿಗಳು 55–60 ಡಿಗ್ರಿ ಬಿಸಿಯಾಗಿ ಕಳೆ ಬೀಜ, ರೋಗಾಣುಗಳನ್ನು ಕೊಲ್ಲುತ್ತವೆ. ಅದಕ್ಕೆ ಒಂದು ಘನ ಮೀಟರಿನಷ್ಟಾದರೂ ರಾಶಿ ಬೇಕು. ಮನೆ ತೊಟ್ಟಿ ಅಷ್ಟು ಕಾಯುವುದಿಲ್ಲ, ಕೈಗೆ ಬೆಚ್ಚಗೆ ತಗುಲಿದರೆ ಹೆಚ್ಚು. ಆದ್ದರಿಂದಲೇ ತೊಟ್ಟಿಯಲ್ಲಿ ಟೊಮೆಟೊ, ಕುಂಬಳ, ಪಪಾಯಿ ಸಸಿಗಳು ಕೇಳದೆಯೇ ಏಳುತ್ತವೆ. ನಾಯಿ ಬೆಕ್ಕಿನ ಹೇಲು, ರೋಗ ತಗುಲಿದ ಗಿಡ ಇದರೊಳಗೆ ಬೇಡ ಎನ್ನುವುದಕ್ಕೂ ಕಾರಣ ಇದೇ.

‘ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ’ ಎಂದು ಮಾರುವ ವಿದ್ಯುತ್ ಯಂತ್ರಗಳ ಬಗ್ಗೆ ಕೇಳಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ಕಸವನ್ನು ಬಿಸಿ ಮಾಡಿ, ಒಣಗಿಸಿ, ಪುಡಿ ಮಾಡುತ್ತವೆ. ಬರುವ ಪುಡಿ ಒಣಗಿದ ಆಹಾರವೇ ಹೊರತು ಗೊಬ್ಬರವಲ್ಲ. ಕುಂಡಕ್ಕೆ ಹಾಕಿ ನೀರು ಹಾಕಿದ ಮರುದಿನ ಅದು ಬೂಷ್ಟು ಹಿಡಿದು ನಾರಲು ಶುರುವಾಗುತ್ತದೆ, ನಿಜವಾದ ಕೊಳೆಯುವಿಕೆ ಆಗಷ್ಟೇ ಆರಂಭ. ಜಾಗ ತೀರಾ ಇಲ್ಲದ ಅಪಾರ್ಟ್‌ಮೆಂಟಿಗೆ ಕಸದ ಗಾತ್ರ ಇಳಿಸಲು ಅದು ಉಪಯೋಗವಾದೀತು. ಆ ಪುಡಿಯನ್ನೂ ಕೊನೆಗೆ ಮಣ್ಣಿಗೇ ಒಪ್ಪಿಸಬೇಕು.

ತೊಟ್ಟಿ ತುಂಬಿಹೋಗುವುದಿಲ್ಲವೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹತ್ತು ಕಿಲೋ ಹಸಿ ಕಸದಲ್ಲಿ ಏಳೆಂಟು ಕಿಲೋ ನೀರು, ಅದು ಆವಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಅರ್ಧಕ್ಕೂ ಹೆಚ್ಚು ಸೂಕ್ಷ್ಮಜೀವಿಗಳ ಉಸಿರಾಗಿ ಗಾಳಿ ಸೇರುತ್ತದೆ. ಮಣ್ಣಿನಲ್ಲಿ ಉಳಿಯುವುದು ಒಂದು ಕಿಲೋ ಆಸುಪಾಸು. ತಿಂಗಳುಗಟ್ಟಲೆ ಹಾಕಿದರೂ ಮಣ್ಣಿನ ಮಟ್ಟ ಕೆಲವೇ ಬೆರಳು ಏರುವುದು, ಬಣ್ಣ ಮಾತ್ರ ಕಪ್ಪಾಗುವುದು ಈ ಲೆಕ್ಕದಿಂದ. ಗಿಡ ಬೆಳೆಸುವವರು ಆರು ತಿಂಗಳಿಗೊಮ್ಮೆ ಅರ್ಧ ಮಣ್ಣನ್ನು ತೆಗೆದು ಜರಡಿ ಹಿಡಿದು ಕುಂಡಕ್ಕೆ ಹಾಕಿ, ಕುಂಡದ ಸತ್ವ ಕಳೆದ ಹಳೇ ಮಣ್ಣನ್ನು ತೊಟ್ಟಿಗೆ ತುಂಬಬಹುದು. ತೆಗೆಯುವ ಮೊದಲು ಎರಡು ಮೂರು ವಾರ ಆ ತೊಟ್ಟಿಗೆ ಹೊಸ ಕಸ ಹಾಕಬಾರದು. ಅರೆಬೆಂದ ಗೊಬ್ಬರ ಕುಂಡದಲ್ಲಿ ಸಾರಜನಕವನ್ನು ಗಿಡದಿಂದ ಕಿತ್ತುಕೊಳ್ಳುತ್ತದೆ. ಪರೀಕ್ಷೆ ಸುಲಭ: ಒಂದು ತಟ್ಟೆ ತೊಟ್ಟಿಯ ಮಣ್ಣಿನಲ್ಲಿ, ಇನ್ನೊಂದು ತಟ್ಟೆ ಸಾದಾ ಮಣ್ಣಿನಲ್ಲಿ ಒಂದೊಂದು ಚಮಚ ಮೆಂತ್ಯ ಚೆಲ್ಲಿ. ಎರಡೂ ಒಂದೇ ಹೊತ್ತಿಗೆ, ಒಂದೇ ಎತ್ತರಕ್ಕೆ ಎದ್ದರೆ ಗೊಬ್ಬರ ಮಾಗಿದೆ. ತೊಟ್ಟಿಯ ತಟ್ಟೆಯಲ್ಲಿ ಮೊಳಕೆ ಹಳದಿಯಾಗಿ ಮುರುಟಿದರೆ ಇನ್ನೂ ಕಾಯಬೇಕು.

ಇಷ್ಟೆಲ್ಲದರಲ್ಲಿ ನಗರದಲ್ಲಿ ಸಿಗುವುದು ಕಷ್ಟವೆಂದು ಜನ ಹೇಳುವುದು ತರಗೆಲೆ. ದುಡ್ಡು ಕೊಟ್ಟು ನಾರಿನ ಪುಡಿಯ ಇಟ್ಟಿಗೆ ತರುತ್ತಾರೆ. ಅದೇ ಹೊತ್ತಿಗೆ ಜನವರಿಯಿಂದ ಮಾರ್ಚಿನವರೆಗೆ ಬೀದಿ ಬೀದಿಯಲ್ಲಿ ಹೊಂಗೆ, ಮಳೆಮರ, ಆಲದ ಎಲೆ ರಾಶಿ ರಾಶಿ ಉದುರುತ್ತದೆ. ಗುಡಿಸಿ ಮೂಲೆಗೆ ಒಟ್ಟಿ ಬೆಂಕಿ ಹಚ್ಚುವುದೂ ನಡೆದಿದೆ. ಸುಡುವುದು ಕಾನೂನಿಗೆ ವಿರುದ್ಧ, ಶ್ವಾಸಕೋಶಕ್ಕೂ ವಿರುದ್ಧ. ನಾಲ್ಕು ಜನರ ಮನೆಯ ತೊಟ್ಟಿಗೆ ವರ್ಷಕ್ಕೆ ನಾಲ್ಕೈದು ಗೋಣಿಚೀಲ ತರಗೆಲೆ ಧಾರಾಳವಾಯಿತು. ಬರುವ ಎಲೆಯುದುರುವ ಕಾಲದಲ್ಲಿ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಮೊದಲೇ ಹೇಳಿಡಿ, ಪ್ಲಾಸ್ಟಿಕ್ ಬೆರೆಸದೆ ಎಲೆಯನ್ನಷ್ಟೇ ನಿಮ್ಮ ಗೇಟಿನ ಬಳಿ ಹಾಕಲಿ. ಚೀಲದಲ್ಲಿ ತುಂಬಿ, ಮಳೆ ಬೀಳದ ಕಡೆ ಎತ್ತಿಡಿ.